ಹೋಟೆಲ್ ರೂಮು ಖಾಲಿ, ಸ್ಟೇಜೂ ಖಾಲಿ

2020ರ ಮಾರ್ಚ್ 6, ಶುಕ್ರವಾರ. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿದ್ದ ನಮ್ಮ ಆಫೀಸಿನಲ್ಲಿ ವಾರದ ಕೊನೆಯ ಮೀಟಿಂಗ್ ನಡೀತಾ ಇತ್ತು. ಯಾರೋ ಫೋನ್ ನೋಡಿ, "ಸೌತ್‌ಬೈ ಕ್ಯಾನ್ಸಲ್ ಅಂತೆ" ಅಂದರು. ಮೀಟಿಂಗ್ ಅಲ್ಲಿಗೇ ನಿಂತಿತು.

ಸೌತ್‌ಬೈ ಅಂದರೆ 'ಸೌತ್ ಬೈ ಸೌತ್‌ವೆಸ್ಟ್'. 1987ರಿಂದ ಪ್ರತಿ ಮಾರ್ಚ್‌ನಲ್ಲಿ ಆಸ್ಟಿನ್‌ನಲ್ಲಿ ನಡೆಯುತ್ತಿದ್ದ ಸಂಗೀತ, ಸಿನಿಮಾ, ತಂತ್ರಜ್ಞಾನದ ದೊಡ್ಡ ಜಾತ್ರೆ. ಆ ವರ್ಷ ಮಾರ್ಚ್ 13ಕ್ಕೆ ಶುರುವಾಗಬೇಕಿತ್ತು. ಸರಿಯಾಗಿ ಒಂದು ವಾರ ಮೊದಲು ಮೇಯರ್ ಸ್ಟೀವ್ ಆಡ್ಲರ್ ನಗರದಲ್ಲಿ ವಿಪತ್ತು ಘೋಷಿಸಿ ಅದನ್ನು ರದ್ದು ಮಾಡಿದರು. ಹಬ್ಬ ಶುರುವಾದಾಗಿನಿಂದ ಹೀಗಾಗಿದ್ದು ಅದೇ ಮೊದಲು.

ನಿಜ ಹೇಳ್ತೀನಿ, ಆಗ ನನಗೆ ಅನಿಸಿದ್ದು ಇಷ್ಟೇ: ಸದ್ಯ, ಈ ಸಲ ಡೌನ್‌ಟೌನ್‌ನಲ್ಲಿ ಟ್ರಾಫಿಕ್ ಕಾಟ ಇರಲ್ಲ.

ಮನೆಗೆ ಬಂದಾಗ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಪಕ್ಕದ ಮನೆಯವನು ಕೂತಿದ್ದ. ಐವತ್ತು ದಾಟಿದ ಮನುಷ್ಯ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಬೇರೆ ಬೇರೆ ಬ್ಯಾಂಡ್‌ಗಳಿಗೆ ಬೇಸ್ ಗಿಟಾರ್ ನುಡಿಸುವವನು. ಗಿಟಾರಿನ ಪೆಟ್ಟಿಗೆ ಪಕ್ಕದಲ್ಲೇ ಇತ್ತು. "ಹತ್ತು ದಿನದಲ್ಲಿ ಹದಿನಾಲ್ಕು ಶೋ ಇತ್ತು. ಎಲ್ಲ ಹೋಯ್ತು. ಏಪ್ರಿಲ್, ಮೇ ಬಾಡಿಗೆ ಅದರಿಂದಲೇ ಬರಬೇಕಿತ್ತು" ಅಂದ. ನನ್ನ ಟ್ರಾಫಿಕ್ ಸಮಾಧಾನ ಅಲ್ಲೇ ಇಳಿದುಹೋಯಿತು.

ಹನ್ನೊಂದು ದಿನದ ನಂತರ, ಮಾರ್ಚ್ 17ಕ್ಕೆ, ಆಸ್ಟಿನ್‌ನ ಬಾರ್‌ಗಳೂ ರೆಸ್ಟೋರೆಂಟಿನ ಊಟದ ಹಾಲ್‌ಗಳೂ ಮುಚ್ಚಿದವು. ನಾನು ಲ್ಯಾಪ್‌ಟಾಪ್ ಮನೆಗೆ ತಂದು ಕೆಲಸ ಮುಂದುವರಿಸಿದೆ. ಸಂಬಳ ಒಂದು ದಿನ ತಡವಾಗಲಿಲ್ಲ. ಅವನ ಕೆಲಸವನ್ನು ಮನೆಗೆ ತರೋಕೆ ಬರುತ್ತಿರಲಿಲ್ಲ.

ಈ ಲೇಖನ ಆ ಗೋಡೆಯ ಆಚೆ ಈಚೆ ಇದ್ದ ನಮ್ಮಿಬ್ಬರ ಬಗ್ಗೆ, ಮತ್ತೆ ಕುಂದಾಪುರದ ಹತ್ತಿರ ಇರುವ ನನ್ನ ಸೋದರಮಾವನ ಬಗ್ಗೆ. ಮಹಾಮಾರಿಯ ಕಾಲದಲ್ಲಿ ಕಲೆಗೆ, ಪ್ರವಾಸೋದ್ಯಮಕ್ಕೆ ಅಂತ ಪರಿಹಾರದ ಹಣ ಘೋಷಣೆಯಾದದ್ದನ್ನು ನಾವೆಲ್ಲ ಹೆಡ್‌ಲೈನ್‌ನಲ್ಲಿ ಓದಿದ್ದೇವೆ. ಆ ಹಣ ಎಲ್ಲಿಂದ ಬರುತ್ತೆ, ಯಾರ ಕೈಗೆ ಸೇರುತ್ತೆ ಅನ್ನೋದನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಆಗ.

ಒಂದು ರಾತ್ರಿಯ ಬಿಲ್

ಮೊದಲು ದುಡ್ಡಿನ ಮೂಲ ನೋಡೋಣ. 2019ರ ನವೆಂಬರ್‌ನಲ್ಲಿ ನನ್ನ ಗೆಳೆಯರು ಆಸ್ಟಿನ್‌ಗೆ ಬಂದಿದ್ದಾಗ ಒಂದು ಹೋಟೆಲ್ ಬುಕ್ ಮಾಡಿದ್ದೆ. ಬಿಲ್‌ನಲ್ಲಿ ರೂಮಿನ ಬಾಡಿಗೆ ಮೇಲೆ 17 ಪರ್ಸೆಂಟ್ ತೆರಿಗೆ. ಲೂಟಿ ಅಂತ ಬೈದುಕೊಂಡೇ ಕಟ್ಟಿದ್ದೆವು.

ಅದು ಹೋಟೆಲ್ ವಾಸದ ತೆರಿಗೆ. 100 ಡಾಲರ್ ರೂಮಿಗೆ 6 ಡಾಲರ್ ರಾಜ್ಯಕ್ಕೆ, 11 ಡಾಲರ್ ನಗರಕ್ಕೆ. ನಗರಕ್ಕೆ ಬರುವ ಈ ದುಡ್ಡಿನ ದೊಡ್ಡ ಪಾಲು ಕನ್ವೆನ್ಷನ್ ಸೆಂಟರ್‌ಗೆ. ಸುಮಾರು ಒಂದು ಡಾಲರ್ ಕಲೆಗೆ: ನಾಟಕ ತಂಡ, ನೃತ್ಯ ತಂಡ, ಸಂಗೀತ ಸಂಸ್ಥೆಗಳ ವಾರ್ಷಿಕ ಅನುದಾನಕ್ಕೆ. 2019ರ ಸೆಪ್ಟೆಂಬರ್‌ನಲ್ಲಿ ಇದೇ ತೆರಿಗೆಯ ಇನ್ನೊಂದು ಸಣ್ಣ ಪಾಲನ್ನು ತೆಗೆದಿಟ್ಟು, ಲೈವ್ ಸಂಗೀತಕ್ಕೇ ಅಂತ ಪ್ರತ್ಯೇಕ ನಿಧಿಯನ್ನೂ ಮಾಡಿದ್ದರು. ನಗರದ ಸಂಗೀತಗಾರರು ಅದಕ್ಕಾಗಿ ತುಂಬಾ ವರ್ಷ ಕಾದಿದ್ದರು.

ಟೆಕ್ಸಸ್ ಕಾನೂನಿನಲ್ಲಿ ಈ ತೆರಿಗೆಗೆ ಒಂದು ಷರತ್ತೂ ಇದೆ. ಇದರ ಹಣ ಯಾವುದಕ್ಕೆ ಖರ್ಚಾದರೂ ಅದರಿಂದ ಪ್ರವಾಸೋದ್ಯಮಕ್ಕೆ, ಹೋಟೆಲ್ ಉದ್ಯಮಕ್ಕೆ ಉಪಯೋಗ ಆಗಬೇಕು. ಅಂದರೆ ಈ ತೆರಿಗೆಯ ಲೆಕ್ಕದಲ್ಲಿ ಹಾಡು ಚೆನ್ನಾಗಿದ್ದರೆ ಸಾಲದು, ಅದರಿಂದ ಹೋಟೆಲ್ ರೂಮೂ ತುಂಬಬೇಕು.

ಒಳ್ಳೆ ಕಾಲದಲ್ಲಿ ಇದು ಜಾಣ ವ್ಯವಸ್ಥೆ. ಹಾಡು ಕೇಳೋಕೆ ಹೊರಗಿನವರು ಬರ್ತಾರೆ, ಅವರು ಹೋಟೆಲ್‌ನಲ್ಲಿ ಉಳೀತಾರೆ, ಅವರು ಕಟ್ಟಿದ ತೆರಿಗೆಯಿಂದ ಮತ್ತೆ ಹಾಡಿಗೆ ದುಡ್ಡು. ಊರಿನವರ ಜೇಬಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಅಮೆರಿಕದ ಬೇರೆ ನಗರಗಳಲ್ಲೂ ಇದೇ ಪದ್ಧತಿ ಇದೆ. ಸ್ಯಾನ್ ಫ್ರಾನ್ಸಿಸ್ಕೋ 1961ರಿಂದಲೂ ಹೋಟೆಲ್ ತೆರಿಗೆಯಿಂದಲೇ ಕಲಾ ಅನುದಾನ ಕೊಡುತ್ತಾ ಬಂದಿದೆ.

ಕೆಟ್ಟ ಕಾಲದಲ್ಲಿ ಏನಾಗುತ್ತೆ? ನಮ್ಮ ಕೆಲಸದಲ್ಲಿ ಹೊಸಬರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು: ಡೇಟಾ ಇರುವ ಸರ್ವರ್‌ನಲ್ಲೇ ಬ್ಯಾಕಪ್ ಇಡಬೇಡಿ. ಸರ್ವರ್ ಹೋದ ದಿನ ಬ್ಯಾಕಪ್ ಕೂಡ ಹೋಗುತ್ತೆ. ಆಸ್ಟಿನ್‌ನಲ್ಲಿ ಆದದ್ದು ಅದೇ. ಪ್ರವಾಸಿಗರು ನಿಂತ ದಿನ ಸ್ಟೇಜ್ ಬಂದ್ ಆಯ್ತು, ಹೋಟೆಲ್ ಖಾಲಿ ಆಯ್ತು, ತೆರಿಗೆ ನಿಂತಿತು, ಸ್ಟೇಜನ್ನು ಉಳಿಸಬೇಕಾದ ನಿಧಿಯೂ ಬತ್ತಿತು. ಕಲಾವಿದನಿಗೆ ನೆರವು ಅತಿ ಹೆಚ್ಚು ಬೇಕಾದ ದಿನವೇ ನಲ್ಲಿ ಒಣಗಿತು. ಆ ಜುಲೈನಲ್ಲಿ, ಅಕ್ಟೋಬರ್‌ನ ಇನ್ನೊಂದು ದೊಡ್ಡ ಹಬ್ಬವಾದ ಆಸ್ಟಿನ್ ಸಿಟಿ ಲಿಮಿಟ್ಸ್ ಕೂಡ ಆ ವರ್ಷಕ್ಕಿಲ್ಲ ಅಂತ ಘೋಷಿಸಿದರು.

'ಜನ ಸಾಯ್ತಿರುವಾಗ ಗಿಟಾರಿಗೆ ದುಡ್ಡಾ?'

ನಗರ ಪರಿಹಾರ ಕೊಡಬೇಕು ಅಂತ ಕೂಗು ಎದ್ದಾಗ ನಮ್ಮ ಕನ್ನಡದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬರು ಕೇಳಿದ ಪ್ರಶ್ನೆ ಇದು. ಕೆಟ್ಟ ಪ್ರಶ್ನೆಯೇನಲ್ಲ. ಆಸ್ಪತ್ರೆಯಲ್ಲಿ ಹಾಸಿಗೆಗೆ ಪರದಾಟ ಇರುವಾಗ ಡ್ರಮ್ಸ್ ಬಾರಿಸುವವನಿಗೆ ಯಾಕೆ ಕೊಡಬೇಕು?

ನಾನೂ ಒಂದೆರಡು ದಿನ ಯೋಚನೆ ಮಾಡಿದೆ. ಆಸ್ಟಿನ್ ತನ್ನನ್ನು ತಾನು 'ಜಗತ್ತಿನ ಲೈವ್ ಸಂಗೀತ ರಾಜಧಾನಿ' ಅಂತ ಕರೆದುಕೊಳ್ಳುತ್ತೆ. 1991ರಿಂದ ಅದೇ ನಗರದ ಘೋಷವಾಕ್ಯ. ವಿಮಾನ ನಿಲ್ದಾಣದೊಳಗೇ ಸ್ಟೇಜ್ ಹಾಕಿ ಹಾಡಿಸ್ತಾರೆ. ನಮ್ಮಂಥ ಇಂಜಿನಿಯರ್‌ಗಳನ್ನು ಕರೆಸಿಕೊಳ್ಳುವ ಕಂಪನಿಗಳೂ ಜಾಹೀರಾತಿನಲ್ಲಿ ಹಾಕೋದು ಅದೇ ಗಿಟಾರಿನ ಚಿತ್ರ. ಊರಿನ ಹೆಸರನ್ನು ಮೂವತ್ತು ವರ್ಷ ಹೊತ್ತು ತಿರುಗಿದವರು ಇವರು. ಆದರೆ ಇವರಿಗೆ ತಿಂಗಳ ಸಂಬಳ ಇಲ್ಲ, ಪಿಎಫ್ ಇಲ್ಲ, ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಇಲ್ಲ. ಕಡಿಮೆ ಆದಾಯದ ಸಂಗೀತಗಾರರಿಗೆ ಆರೋಗ್ಯ ವಿಮೆ ಕೊಡಿಸೋದಕ್ಕೇ ಅಂತ ಆ ಊರಿನಲ್ಲಿ 2005ರಿಂದ 'ಹಾಮ್' ಎಂಬ ಸಂಸ್ಥೆ ಕೆಲಸ ಮಾಡ್ತಾ ಇದೆ ಅಂದರೆ ನೀವೇ ಲೆಕ್ಕ ಹಾಕಿ.

ಇನ್ನೊಂದು ಮಾತು. ಸ್ಟೇಜ್ ಮೇಲೆ ನಾಲ್ಕು ಜನ ಕಾಣ್ತಾರೆ. ಹಿಂದೆ ಸೌಂಡ್ ಇಂಜಿನಿಯರ್, ಲೈಟ್‌ನವನು, ಬಾಗಿಲಲ್ಲಿ ಟಿಕೆಟ್ ನೋಡುವವನು, ಬಾರ್‌ನಲ್ಲಿ ಗ್ಲಾಸ್ ತೊಳೆಯುವವಳು, ಹೋಟೆಲ್‌ನಲ್ಲಿ ಬೆಡ್‌ಶೀಟ್ ಬದಲಾಯಿಸುವವಳು. ಒಂದು ಕೊಂಡಿ ಕಳಚಿದರೆ ಸರಪಳಿ ಪೂರ್ತಿ ನೆಲಕ್ಕೆ. ಇದು ಗಿಟಾರಿಗೆ ಕೊಡುವ ದುಡ್ಡಲ್ಲ, ದಿನಗೂಲಿಯವರಿಗೆ ಕೊಡುವ ದುಡ್ಡು. ಇಷ್ಟನ್ನೇ ಗ್ರೂಪಿನಲ್ಲಿ ಬರೆದೆ. ಪ್ರಶ್ನೆ ಕೇಳಿದವರು ಥಂಬ್ಸ್ ಅಪ್ ಹಾಕಿ ಸುಮ್ಮನಾದರು. ಒಪ್ಪಿದರೋ ಬಿಟ್ಟರೋ ಗೊತ್ತಿಲ್ಲ.

ಸಾವಿರ ಡಾಲರ್, ಮೂವತ್ತು ಸ್ಕ್ರೀನ್‌ಶಾಟ್

ಪರಿಹಾರ ಬಂತು. ಹಲವು ಹೆಸರಿನಲ್ಲಿ, ಹಲವು ಕಂತಿನಲ್ಲಿ. 2020ರಲ್ಲೇ ಆಸ್ಟಿನ್ ನಗರ ಸಂಗೀತಗಾರರಿಗಾಗಿ 15 ಲಕ್ಷ ಡಾಲರ್‌ನ ವಿಪತ್ತು ಪರಿಹಾರ ನಿಧಿ ತೆಗೆದಿಟ್ಟಿತು. ಒಬ್ಬರಿಗೆ 1,000 ಡಾಲರ್. ನಂತರ ಸೃಜನಶೀಲ ಕೆಲಸಗಾರರಿಗೆ ಅಂತ 2,000 ಡಾಲರ್‌ವರೆಗಿನ ಇನ್ನೊಂದು ಅನುದಾನ. ಹೋಟೆಲ್ ತೆರಿಗೆಯ ನಲ್ಲಿ ಒಣಗಿದ್ದರಿಂದ ಬೇರೆ ನಲ್ಲಿ ಬೇಕಿತ್ತು. ಮಾರ್ಚ್ 27ಕ್ಕೆ ಕಾನೂನಾದ ಕೇರ್ಸ್ ಆ್ಯಕ್ಟ್ ಮೂಲಕ ಕೇಂದ್ರ ಸರ್ಕಾರದಿಂದ ಆಸ್ಟಿನ್‌ಗೆ ಸುಮಾರು 17 ಕೋಟಿ ಡಾಲರ್ ಬಂದಿತ್ತು. ಆರೋಗ್ಯ, ಬಾಡಿಗೆ, ಊಟ, ಸಣ್ಣ ವ್ಯಾಪಾರ, ಕಲೆ ಎಲ್ಲದರ ಕಣ್ಣೂ ಅದರ ಮೇಲೆಯೇ.

ನನ್ನ ನೆರೆಯವನಿಗೆ ಇಂಥದ್ದೊಂದು ಅರ್ಜಿ ತುಂಬಬೇಕಿತ್ತು. ಕಂಪ್ಯೂಟರ್ ಅಂದರೆ ಅವನಿಗೆ ಅಲರ್ಜಿ. ಅವನು ಮೆಟ್ಟಿಲ ಕೆಳಗೆ, ನಾನು ಆರಡಿ ದೂರದಲ್ಲಿ ಮೇಲೆ, ತೊಡೆ ಮೇಲೆ ಲ್ಯಾಪ್‌ಟಾಪ್. ಹೆಸರು, ವಿಳಾಸ, ಆದಾಯ ಎಲ್ಲ ಸರಾಗವಾಗಿ ಹೋಯಿತು. ಆಮೇಲೆ ಬಂತು ಪ್ರಶ್ನೆ: ರದ್ದಾದ ಕಾರ್ಯಕ್ರಮಗಳಿಗೆ ದಾಖಲೆ ಕೊಡಿ.

ಅವನು ನಕ್ಕ. "ದಾಖಲೆನಾ? ಬಾರ್ ಓನರ್ ಮೆಸೇಜ್ ಹಾಕ್ತಾನೆ, ನಾನು ಸರಿ ಅಂತೀನಿ. ಅಷ್ಟೇ ನಮ್ಮ ಅಗ್ರಿಮೆಂಟ್."

ದುಡ್ಡಿನ ದೊಡ್ಡ ಭಾಗ ಸ್ಟೇಜ್ ಮುಂದಿನ ಟಿಪ್ಸ್ ಡಬ್ಬಿಯದ್ದು. ಪೂರ್ತಿ ನಗದು. ರಸೀದಿ ಇಲ್ಲ, ಇನ್‌ವಾಯ್ಸ್ ಇಲ್ಲ. ಇಪ್ಪತ್ತು ವರ್ಷದ ಕೆಲಸಕ್ಕೆ ಕಾಗದದಲ್ಲಿ ಗುರುತೇ ಇಲ್ಲ. ನಗರವನ್ನೂ ಬೈಯೋಕೆ ಆಗಲ್ಲ. ಅದು ಸಾರ್ವಜನಿಕರ ಹಣ, ಕೇಳಿದವರಿಗೆಲ್ಲ ಕಣ್ಣು ಮುಚ್ಚಿ ಕೊಡೋಕೆ ಆಗಲ್ಲ. ಇತ್ತ ಇವನೂ ಸುಳ್ಳು ಹೇಳ್ತಿಲ್ಲ.

ಆ ಶನಿವಾರ ಪೂರ್ತಿ ಅವನ ಫೋನ್ ಕೆದಕಿದೆವು. ಮೆಸೇಜ್‌ಗಳ ಸ್ಕ್ರೀನ್‌ಶಾಟ್, ಹಳೆಯ ಪೋಸ್ಟರ್‌ಗಳ ಫೋಟೋ, ಬ್ಯಾಂಡಿನ ಫೇಸ್‌ಬುಕ್ ಪುಟದಲ್ಲಿದ್ದ ದಿನಾಂಕಗಳು. ಮೂವತ್ತಕ್ಕೂ ಹೆಚ್ಚು ಚಿತ್ರಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಒಂದು ಎಕ್ಸೆಲ್ ಶೀಟ್ ಮಾಡಿ, ಎಲ್ಲವನ್ನೂ ಒಂದು ಪಿಡಿಎಫ್‌ಗೆ ಸೇರಿಸಿ ಕಳಿಸಿದೆವು. ನಡುವೆ ಒಮ್ಮೆ, "ಬಿಟ್ಟುಬಿಡು, ಸಾಕು" ಅಂತ ಎದ್ದೇ ಹೋಗಿದ್ದ. ಹತ್ತು ನಿಮಿಷದ ಮೇಲೆ ಎರಡು ಬಿಯರ್ ಹಿಡಿದು ವಾಪಸ್ ಬಂದ.

ಕೆಲವು ವಾರಗಳ ನಂತರ ದುಡ್ಡು ಬಂತು. ಒಂದು ತಿಂಗಳ ಬಾಡಿಗೆಗೆ ಸ್ವಲ್ಪ ಕಡಿಮೆ. ಅವನು ಬಾಗಿಲು ತಟ್ಟಿ, ದೂರ ನಿಂತು, "ಬಂತು" ಅಂದ. ಅವನ ಮುಖದಲ್ಲಿ ಕಂಡದ್ದು ಸಾವಿರ ಡಾಲರ್ ಸಿಕ್ಕ ಖುಷಿ ಮಾತ್ರ ಅಲ್ಲ. ಯಾರೋ ತನ್ನ ಕೆಲಸವನ್ನು ಕೆಲಸ ಅಂತ ಒಪ್ಪಿಕೊಂಡರಲ್ಲ, ಅದು.

ಕುಂದಾಪುರದಿಂದ ಓಟಿಪಿ

ಸರಿಯಾಗಿ ಒಂದು ವರ್ಷದ ನಂತರ ಇದೇ ಕೆಲಸವನ್ನು ಕನ್ನಡದಲ್ಲಿ ಮಾಡಬೇಕಾಯ್ತು.

ನನ್ನ ಸೋದರಮಾವ ಯಕ್ಷಗಾನದ ಮದ್ದಳೆಗಾರ. ಮೇಳದ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯವರೆಗೆ. ಆರು ತಿಂಗಳ ದುಡಿಮೆಯಲ್ಲಿ ವರ್ಷ ಕಳೀಬೇಕು. ಮಳೆಗಾಲದಲ್ಲಿ ಬೆಂಗಳೂರು, ಮುಂಬೈ ಕಡೆ ಒಂದಿಷ್ಟು ಆಟ, ಒಂದೆರಡು ಹುಡುಗರಿಗೆ ಪಾಠ. 2020ರ ಮಾರ್ಚ್‌ನಲ್ಲಿ ತಿರುಗಾಟ ಅರ್ಧಕ್ಕೆ ನಿಂತಿತು. 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಮತ್ತೆ ನಿಂತಿತು. ಎರಡು ವರ್ಷ, ಎರಡೂ ಸಲ ಅರ್ಧ.

2021ರ ಮೇ 19ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,250 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಅದರಲ್ಲಿ ಕಲಾವಿದರಿಗೆ ತಲಾ 3,000 ರೂಪಾಯಿ. ಸುಮಾರು 16 ಸಾವಿರ ಫಲಾನುಭವಿಗಳ ಅಂದಾಜು, ಒಟ್ಟು ಐದು ಕೋಟಿಗೆ ಸ್ವಲ್ಪ ಕಡಿಮೆ. ಆಟೋ, ಟ್ಯಾಕ್ಸಿ ಚಾಲಕರಿಗೂ ಅಷ್ಟೇ ಮೊತ್ತ. ಮುಂದಿನ ತಿಂಗಳು, ಜೂನ್ 28ಕ್ಕೆ, ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರವಾಸೋದ್ಯಮಕ್ಕೆ ನೆರವು ಘೋಷಿಸಿದರು: ಮಾನ್ಯತೆ ಪಡೆದ ಟೂರಿಸ್ಟ್ ಗೈಡ್‌ಗಳಿಗೆ 1 ಲಕ್ಷದವರೆಗೆ, ಟ್ರಾವೆಲ್ ಏಜೆನ್ಸಿಗಳಿಗೆ 10 ಲಕ್ಷದವರೆಗೆ. ಆದರೆ ಅದು ಸಾಲ, ಸರ್ಕಾರದ ಗ್ಯಾರಂಟಿ ಇರುವ ಸಾಲ. ಪ್ರವಾಸಿಗರೇ ಬಾರದ ಕಾಲದಲ್ಲಿ ಗೈಡ್ ಒಬ್ಬ ಸಾಲ ತೀರಿಸೋದು ಹೇಗೆ ಅಂತ ನನಗೆ ಆಗ ಅನಿಸಿತ್ತು. ಅನುದಾನ ಮತ್ತು ಸಾಲ, ಎರಡನ್ನೂ ನಾವು 'ಪರಿಹಾರ' ಅಂತಲೇ ಓದ್ತೇವೆ. ತೆಗೆದುಕೊಳ್ಳುವವನಿಗೆ ಮಾತ್ರ ಎರಡೂ ಒಂದೇ ಅಲ್ಲ.

ಮಾವನ ಅರ್ಜಿ ಆನ್‌ಲೈನ್‌ನಲ್ಲಿ ತುಂಬಬೇಕಿತ್ತು. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ಗೇರುಗುಡ್ಡೆ ಹತ್ತಬೇಕು. ಆಸ್ಟಿನ್‌ನಲ್ಲಿ ರಾತ್ರಿ ಒಂಬತ್ತಕ್ಕೆ ನಾನು ಫಾರ್ಮ್ ತೆರೆದು ಕೂತರೆ ಅಲ್ಲಿ ಬೆಳಿಗ್ಗೆ ಏಳೂವರೆ. ಮಾವ ಗುಡ್ಡೆಯ ಮೇಲೆ, ಕೈಯಲ್ಲಿ ಕೊಡೆ.

"ಎಂತ ಮಾಣಿ, ಅಲ್ಲಿ ಹಗಲಾ ರಾತ್ರಿಯಾ?" ಅಂತ ಎಂದಿನ ಪ್ರಶ್ನೆ. ಅಷ್ಟರಲ್ಲಿ ಓಟಿಪಿ ಬಂದು, ಅವರು ಕನ್ನಡಕ ಹುಡುಕಿ, ಅಂಕಿ ಓದುವ ಹೊತ್ತಿಗೆ ಟೈಮ್ ಔಟ್. ಮತ್ತೊಂದು ಓಟಿಪಿ. ಮತ್ತೆ ಟೈಮ್ ಔಟ್. ಮೂರನೇ ಸಲ ಸರಿಹೋಯಿತು.

ಆಮೇಲೆ ಅದೇ ಹಳೆಯ ಪ್ರಶ್ನೆ: ಕಲಾವಿದ ಅನ್ನೋದಕ್ಕೆ ದಾಖಲೆ. ಆಸ್ಟಿನ್‌ನ ಮೆಟ್ಟಿಲು ನೆನಪಾಯಿತು. ಮೂವತ್ತು ವರ್ಷ ಮದ್ದಳೆ ನುಡಿಸಿದವರ ಹತ್ತಿರ ಇದ್ದದ್ದು ಊರಿನ ಸನ್ಮಾನದ ಎರಡು ಶಾಲು, ಒಂದು ಹಳೆಯ ಕರಪತ್ರ, ಗೋಡೆ ಮೇಲಿನ ಒಂದು ಫೋಟೋ. ಶಾಲನ್ನು ಸ್ಕ್ಯಾನ್ ಮಾಡೋಕೆ ಆಗುತ್ತಾ? ಮೇಳದ ಯಜಮಾನರಿಂದ ಪತ್ರ ಬರೆಸಿಕೊಂಡು, ಅದರ ಫೋಟೋ ತೆಗೆಸಿ, ಕರಪತ್ರದ ಜೊತೆ ಹಾಕಿದೆವು.

ಕಳಿಸಿ ಮುಗಿದ ಮೇಲೆ ಮಾವ ಒಂದು ಮಾತು ಹೇಳಿದರು. "ಮಾಣಿ, ದುಡ್ಡು ಕೇಂಬುದು ಹೌದು. ಆದ್ರೆ ಭಿಕ್ಷೆ ಕೇಂಬುದಲ್ಲ. ಅದ್ ನೆನಪಿರ್ಲಿ."

ಬಂದ ಮೂರು ಸಾವಿರದಲ್ಲಿ ಸ್ವಲ್ಪ ಅತ್ತೆಯ ಬಿಪಿ ಮಾತ್ರೆಗೆ ಹೋಯಿತು. ಉಳಿದದ್ದರಲ್ಲಿ ಮದ್ದಳೆಗೆ ಹೊಸ ಮುಚ್ಚಿಗೆ ಹಾಕಿಸಿದರು. ಆಟವೇ ಇಲ್ಲದ ಕಾಲದಲ್ಲಿ ಮುಚ್ಚಿಗೆ ಯಾಕೆ ಅಂತ ಅತ್ತೆ ಕೇಳಿದರಂತೆ. ಮಾವ ಉತ್ತರ ಕೊಡಲಿಲ್ಲವಂತೆ.

ಪೋರ್ಟಲ್ ಬಿದ್ದ ದಿನ

ಮತ್ತೆ ಆಸ್ಟಿನ್‌ಗೆ ಬರೋಣ. ಕಲಾವಿದರ ಕಥೆ ಒಂದಾದರೆ, ಅವರು ನುಡಿಸುವ ಜಾಗಗಳದ್ದು ಇನ್ನೊಂದು. ಜಾಗ ಉಳಿಯದಿದ್ದರೆ ಕಲಾವಿದ ಉಳಿದು ಏನು ಮಾಡ್ತಾನೆ?

2020ರ ಏಪ್ರಿಲ್‌ನಲ್ಲೇ 'ಥ್ರೆಡ್‌ಗಿಲ್ಸ್' ಮತ್ತೆ ತೆರೆಯಲ್ಲ ಅಂತ ಸುದ್ದಿ ಬಂತು. 1933ರಲ್ಲಿ ಕೆನೆತ್ ಥ್ರೆಡ್‌ಗಿಲ್ ಶುರು ಮಾಡಿದ ಜಾಗ. ಪ್ರಸಿದ್ಧ ಗಾಯಕಿ ಜಾನಿಸ್ ಜಾಪ್ಲಿನ್ ಹೆಸರು ಮಾಡುವ ಮೊದಲು ಹಾಡಿದ್ದು ಅಲ್ಲಿ. ನನ್ನ ನೆರೆಯವನು ಆ ದಿನ ಯಾರಾದರೂ ತೀರಿಕೊಂಡ ಹಾಗೆ ಕೂತಿದ್ದ.

ನಗರ ಮಂಡಳಿ ವರ್ಷದ ಕೊನೆಗೆ 1.5 ಕೋಟಿ ಡಾಲರ್‌ನ ಯೋಜನೆ ತಂದಿತು. ಮೂರು ಸಮ ಪಾಲು: 50 ಲಕ್ಷ ಸಂಗೀತದ ವೇದಿಕೆಗಳಿಗೆ, 50 ಲಕ್ಷ ಶಿಶುಪಾಲನಾ ಕೇಂದ್ರಗಳಿಗೆ, 50 ಲಕ್ಷ ಊರಿನ ಹಳೆಯ ಹೆಸರುವಾಸಿ ಅಂಗಡಿ, ರೆಸ್ಟೋರೆಂಟ್‌ಗಳಿಗೆ. ವೇದಿಕೆಗಳಿಗೆ ತುರ್ತಾಗಿ ಮೊದಲ ಕಂತು 20,000 ಡಾಲರ್, ಆಮೇಲೆ ಅರ್ಹತೆ ನೋಡಿ ಹೆಚ್ಚು. ನನಗೆ ಇದರಲ್ಲಿ ಇಷ್ಟವಾದದ್ದು ಆ ಎರಡು ಹಂತ. ಮೊದಲು ಉಸಿರಾಡೋಕೆ ಸ್ವಲ್ಪ ಕೊಡಿ, ವಿವರವಾದ ಪರಿಶೀಲನೆ ಆಮೇಲೆ ಇರಲಿ.

ದೇಶದ ಮಟ್ಟದಲ್ಲಿ ಸಣ್ಣ ವೇದಿಕೆಗಳ ಮಾಲೀಕರೆಲ್ಲ ಒಂದಾಗಿ 'ಸೇವ್ ಅವರ್ ಸ್ಟೇಜಸ್' ಅಂತ ಚಳವಳಿ ಮಾಡಿದರು. ಟೆಕ್ಸಸ್‌ನ ರಿಪಬ್ಲಿಕನ್ ಸೆನೆಟರ್ ಜಾನ್ ಕಾರ್ನಿನ್, ಮಿನೆಸೋಟಾದ ಡೆಮಾಕ್ರಟಿಕ್ ಸೆನೆಟರ್ ಏಮಿ ಕ್ಲೋಬುಷಾರ್ ಇಬ್ಬರೂ ಸೇರಿ ಮಸೂದೆ ತಂದರು. ಅದು 2020ರ ಡಿಸೆಂಬರ್ 27ಕ್ಕೆ ಕಾನೂನಾಯಿತು. 1,500 ಕೋಟಿ ಡಾಲರ್. ಎಲ್ಲರೂ ಕುಣಿದಾಡಿದರು.

ಆದರೆ ಅರ್ಜಿ ಹಾಕುವ ಪೋರ್ಟಲ್ ತೆರೆದದ್ದು 2021ರ ಏಪ್ರಿಲ್ 8ಕ್ಕೆ, ಮೂರು ತಿಂಗಳ ಮೇಲೆ. ತೆರೆದ ದಿನವೇ ಅದು ಕೈಕೊಟ್ಟಿತು. ಒಂದು ಅರ್ಜಿಯೂ ಸ್ವೀಕಾರವಾಗದೆ ಮುಚ್ಚಿತು. ಮತ್ತೆ ತೆರೆದದ್ದು ಏಪ್ರಿಲ್ 26ಕ್ಕೆ. ಆಫೀಸಿನಲ್ಲಿ ಆ ದಿನ ನಾವು ಸಾಫ್ಟ್‌ವೇರ್‌ನವರು ಜೋಕ್ ಮಾಡಿಕೊಂಡೆವು. ಸಂಜೆ ಮನೆಗೆ ಬಂದ ಮೇಲೆ ನಗು ಬರಲಿಲ್ಲ. ನಮಗೆ ಹದಿನೆಂಟು ದಿನ ಅಂದರೆ ಒಂದು ಸ್ಪ್ರಿಂಟ್ ಮತ್ತೆ ಸ್ವಲ್ಪ. ಹದಿಮೂರು ತಿಂಗಳು ಬಾಗಿಲು ಹಾಕಿ ಬಾಡಿಗೆ ಕಟ್ಟಿದವನಿಗೆ ಹದಿನೆಂಟು ದಿನ ಅಂದರೆ ಇನ್ನೊಂದು ಒಂದನೇ ತಾರೀಖು ಹತ್ತಿರ ಬಂದ ಹಾಗೆ. ನಾವು ಬರೆಯುವ ಕೋಡ್ ಯಾರ ಬಾಡಿಗೆಯ ಜೊತೆ ಕಟ್ಟಿಕೊಂಡಿರುತ್ತೆ ಅನ್ನೋದು ನಮಗೆ ಗೊತ್ತೇ ಇರಲ್ಲ.

ಬೇರೆ ಊರುಗಳು ಬೇರೆ ಥರ ಕೇಳಿದವು

ಎಲ್ಲ ನಗರಗಳೂ 'ಎಷ್ಟು ಕಳಕೊಂಡೆ, ತೋರಿಸು' ಅಂತಲೇ ಕೇಳಲಿಲ್ಲ.

ನ್ಯೂಯಾರ್ಕ್ 2021ರ ಮೇನಲ್ಲಿ 2.5 ಕೋಟಿ ಡಾಲರ್‌ನ 'ಸಿಟಿ ಆರ್ಟಿಸ್ಟ್ ಕೋರ್' ಘೋಷಿಸಿತು. ಇದರಡಿ 3,000ಕ್ಕೂ ಹೆಚ್ಚು ಕಲಾವಿದರಿಗೆ ತಲಾ 5,000 ಡಾಲರ್ ಕೊಟ್ಟರು. ಷರತ್ತು ಸರಳ: ಜನರ ಎದುರು ಒಂದು ಕಾರ್ಯಕ್ರಮ ಮಾಡಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕ ಸರ್ಕಾರ ಕಲಾವಿದರಿಗೆ ಕೆಲಸ ಕೊಟ್ಟ ಮಾದರಿ ಅದು. ಇಲ್ಲಿ ನಷ್ಟದ ಲೆಕ್ಕ ಮುಖ್ಯ ಅಲ್ಲ, ಮುಂದಿನ ಕೆಲಸ ಮುಖ್ಯ.

ಸ್ಯಾನ್ ಫ್ರಾನ್ಸಿಸ್ಕೋ ಅದೇ ವರ್ಷ 130 ಕಲಾವಿದರಿಗೆ ತಿಂಗಳಿಗೆ 1,000 ಡಾಲರ್‌ನಂತೆ ಆರು ತಿಂಗಳು ಕೊಡುವ ಪ್ರಯೋಗ ಶುರು ಮಾಡಿತು. ಸಂಖ್ಯೆ ಸಣ್ಣದು. ಆದರೆ ದುಡ್ಡು ತಿಂಗಳು ತಿಂಗಳು ಬರುತ್ತೆ, ಸಂಬಳದ ಹಾಗೆ. ಬಾಡಿಗೆ ಕೂಡ ತಿಂಗಳು ತಿಂಗಳೇ ತಾನೆ ಬರೋದು?

ಯಾವುದು ಸರಿ, ಯಾವುದು ತಪ್ಪು ಅಂತ ತೀರ್ಪು ಕೊಡುವಷ್ಟು ದೊಡ್ಡವನಲ್ಲ ನಾನು. ಆದರೆ ನನ್ನ ನೆರೆಯವನನ್ನು ಆ ಮೆಟ್ಟಿಲ ಮೇಲೆ ಕೂರಿಸಿ, "ದಾಖಲೆ ತೋರಿಸು" ಅನ್ನೋದಕ್ಕೂ "ಬಾ, ಒಂದು ಶೋ ಮಾಡು, ದುಡ್ಡು ತಗೋ" ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಇರುತ್ತಿತ್ತು ಅಂತ ಮಾತ್ರ ಹೇಳಬಲ್ಲೆ. ಅವನು ಒಂದಲ್ಲ, ಹತ್ತು ಶೋ ಮಾಡುತ್ತಿದ್ದ.

ಆಮೇಲೆ

2022ರ ಮಾರ್ಚ್‌ನಲ್ಲಿ ಸೌತ್‌ಬೈ ಮತ್ತೆ ಜನರ ನಡುವೆ ನಡೆಯಿತು. ಹೋಟೆಲ್‌ಗಳು ತುಂಬಿದವು. ಈ ಸಲ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ನನಗೆ ಸಿಟ್ಟು ಬರಲಿಲ್ಲ.

ಆದರೆ ಪಕ್ಕದ ಮನೆ ಖಾಲಿಯಾಗಿತ್ತು. 2021ರ ಕೊನೆಗೆ ಬಾಡಿಗೆ ಏರಿದಾಗ ಅವನು ಆಂಪ್ಲಿಫೈಯರ್ ಮಾರಿ, ಊರ ಹೊರಗೆ ತಂಗಿಯ ಮನೆಗೆ ಹೋದ. ಈಗ ಮಕ್ಕಳಿಗೆ ಗಿಟಾರ್ ಪಾಠ ಹೇಳ್ತಾನೆ, ವಾರಕ್ಕೆ ಒಂದು ಶೋ. ಪರಿಹಾರದ ಹಣ ಅವನನ್ನು ಒಂದೂವರೆ ವರ್ಷ ದಾಟಿಸಿತು. ಆ ಊರಿನಲ್ಲಿ ಉಳಿಸಲಿಲ್ಲ. ಎರಡೂ ನಿಜ.

ನಾನು ಈಗ ಬೆಂಗಳೂರಿನಲ್ಲಿದ್ದೇನೆ. ಈ ಕಥೆ ಹೇಳಿದಾಗೆಲ್ಲ ಗೆಳೆಯರು, "ಅಮೆರಿಕದಲ್ಲಿ ಲಕ್ಷಗಟ್ಟಲೆ, ಇಲ್ಲಿ ಮೂರು ಸಾವಿರ" ಅಂತ ಹೋಲಿಸ್ತಾರೆ. ಮೊತ್ತದ ವ್ಯತ್ಯಾಸ ಇದೆ, ಇಲ್ಲ ಅನ್ನಲ್ಲ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ಎರಡು ವಿಷಯ.

ಒಂದು, ದುಡ್ಡಿನ ನಲ್ಲಿ. ಪ್ರವಾಸಿಗರು ಬಂದರೆ ಮಾತ್ರ ಕಲೆಗೆ ದುಡ್ಡು ಅಂತ ಇಟ್ಟರೆ, ಪ್ರವಾಸಿಗರು ನಿಂತ ದಿನ ಎರಡೂ ಸಾಯುತ್ತವೆ. ನಮ್ಮ ಕರಾವಳಿಯ ಹರಕೆ ಆಟಗಳನ್ನು ನೋಡಿ. ಕೆಲವು ಮೇಳಗಳಿಗೆ ವರ್ಷಗಟ್ಟಲೆ ಮುಂಚೆ ಬುಕಿಂಗ್ ಇರುತ್ತೆ. ಆಡಿಸುವವರು ಊರಿನವರೇ. ಲಾಕ್‌ಡೌನ್‌ನಲ್ಲಿ ಅವೂ ನಿಂತವು, ಮಾವನಂಥವರು ಕಷ್ಟಪಟ್ಟರು. ಆದರೆ ಬಾಗಿಲು ತೆರೆದ ತಕ್ಷಣ ಹರಕೆ ಹೊತ್ತವರು ಕಾದಿದ್ದರು. ವಿಮಾನ ಹತ್ತಿ ಯಾರೋ ಬರಲಿ ಅಂತ ಕಾಯಬೇಕಾಗಲಿಲ್ಲ. ಊರು ತನ್ನ ಕಲೆಗೆ ಸ್ವಲ್ಪವಾದರೂ ತಾನೇ ದುಡ್ಡು ಹಾಕಿದರೆ ಅದು ಬೇರೆ ಸರ್ವರ್‌ನಲ್ಲಿಟ್ಟ ಬ್ಯಾಕಪ್ ಇದ್ದ ಹಾಗೆ.

ಎರಡು, ಕಾಗದ. ಆಸ್ಟಿನ್‌ನಲ್ಲೂ ಕುಂದಾಪುರದಲ್ಲೂ ಕಷ್ಟ ಕೊಟ್ಟದ್ದು ಒಂದೇ ಖಾಲಿ ಜಾಗ, 'ದಾಖಲೆ ಲಗತ್ತಿಸಿ'. ಇದಕ್ಕೆ ದೊಡ್ಡ ಕ್ರಾಂತಿ ಬೇಕಿಲ್ಲ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಒಬ್ಬರು ಡೊಳ್ಳಿನವರು, ಒಬ್ಬರು ವಾಲಗದವರು, ಒಬ್ಬರು ಟೂರಿಸ್ಟ್ ಗೈಡ್, ಒಬ್ಬರು ಟ್ಯಾಕ್ಸಿ ಓಡಿಸುವವರು ಇದ್ದೇ ಇರ್ತಾರೆ. ಒಂದು ಭಾನುವಾರ ಅವರ ಜೊತೆ ಕೂತು ಒಂದು ಫೋಲ್ಡರ್ ಮಾಡಿಕೊಡಿ. ಕಾರ್ಯಕ್ರಮದ ಕರಪತ್ರ, ದಿನಾಂಕ ಇರುವ ಫೋಟೋ, ಕರೆದವರ ಮೆಸೇಜ್, ಬ್ಯಾಂಕ್ ಪಾಸ್‌ಬುಕ್, ಗುರುತಿನ ಚೀಟಿ. ನಮಗೆ ಅರ್ಧ ದಿನದ ಕೆಲಸ. ಮುಂದಿನ ಕಷ್ಟ ಬಂದಾಗ ಅವರು ಗುಡ್ಡೆ ಹತ್ತಿ ಶಾಲು ತೋರಿಸುವ ಪರಿಸ್ಥಿತಿ ಬರಬಾರದು.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದಾಗ ಮಾವನ ಆಟ ನೋಡೋಕೆ ಹೋದೆ. ಗದ್ದೆಯಲ್ಲಿ ರಂಗಸ್ಥಳ, ಮಂಜು ಬೀಳ್ತಾ ಇತ್ತು. ಬೆಳಗಿನ ಜಾವ ಆಟ ಮುಗಿದ ಮೇಲೆ ಚೌಕಿಗೆ ಹೋದರೆ, ಮಾವ ಮದ್ದಳೆಯನ್ನು ಬಟ್ಟೆಯಲ್ಲಿ ಸುತ್ತುತ್ತಾ ಇದ್ದರು. ನನ್ನನ್ನು ನೋಡಿದ ಕೂಡಲೇ ಜೇಬಿನಿಂದ ಮಡಚಿದ ಕಾಗದ ತೆಗೆದರು. ಈ ವರ್ಷದ ತಿರುಗಾಟದ ಕರಪತ್ರ, ಕೆಳಗೆ ಹಿಮ್ಮೇಳದವರ ಸಾಲಿನಲ್ಲಿ ಅವರ ಹೆಸರು.

"ಇದ್ರದ್ದ್ ಫೋಟೋ ತೆಗಿ ಮಾಣಿ," ಅಂದರು. "ಫೈಲಿಗ್ ಹಾಕ್."